ಶಿಕ್ಷೆಯಾದವರ ಪರ ನಿಲ್ಲುವುದು ತಪ್ಪಾ? ಲಂಡನ್ನಿನ ಜೈಲುಶಿಕ್ಷೆಗಳು ಮತ್ತು ಮಲೆನಾಡಿನ ಲೆಕ್ಕ

2025ರ ಜನವರಿ ಕೊನೆಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಹೊರಗೆ ನೂರಾರು ಜನ ರಸ್ತೆಯಲ್ಲಿ ಶಾಂತವಾಗಿ ಕೂತಿದ್ದರು. ಒಳಗೆ 16 ಪರಿಸರ ಹೋರಾಟಗಾರರ ಮೇಲ್ಮನವಿ ವಿಚಾರಣೆ ನಡೆಯುತ್ತಿತ್ತು. ಕೆಳಗಿನ ಕೋರ್ಟುಗಳು ಈ 16 ಜನರಿಗೆ ಕೊಟ್ಟಿದ್ದ ಶಿಕ್ಷೆಯನ್ನು ಕೂಡಿಸಿದರೆ 41 ವರ್ಷ ಆಗುತ್ತಿತ್ತು. ಯಾರನ್ನೂ ಹೊಡೆದವರಲ್ಲ. ಒಬ್ಬೊಬ್ಬರದು ಒಂದೊಂದು ಕಥೆ. ಕೆಲವರು ಹೆದ್ದಾರಿ ನಿಲ್ಲಿಸಿದ್ದರು, ಇಬ್ಬರು ಚಿತ್ರಪಟದ ಗಾಜಿನ ಮೇಲೆ ಸೂಪ್ ಎರಚಿದ್ದರು, ಕೆಲವರು ಆನ್‌ಲೈನ್ ಸಭೆಯಲ್ಲಿ ಮಾತಾಡಿದ್ದರು.

ಈ ಸುದ್ದಿ ನಮ್ಮ ಕಡೆ ಓದಿದವರಿಗೆ ಗೊಂದಲ ಹುಟ್ಟಿಸುವುದು ಸಹಜ. ಕೋರ್ಟೇ ತಪ್ಪಿತಸ್ಥರು ಅಂದಮೇಲೆ ಅವರ ಪರ ಧರಣಿ ಕೂರುವುದು ಎಂದರೆ ಏನು? ಅದು ನ್ಯಾಯಾಲಯಕ್ಕೆ ಮಾಡುವ ಅವಮಾನ ಅಲ್ವಾ? ಇಂಥದ್ದನ್ನು ಶಿವಮೊಗ್ಗದಲ್ಲೋ ಸಾಗರದಲ್ಲೋ ಮಾಡಿದರೆ ಏನಾಗುತ್ತದೆ? ಶರಾವತಿ ಕಣಿವೆಯಲ್ಲಿ ಮತ್ತೊಂದು ದೊಡ್ಡ ಯೋಜನೆಯ ಜಗಳ ನಡೆಯುತ್ತಿರುವಾಗ ಈ ಕೊನೆಯ ಪ್ರಶ್ನೆಯನ್ನು ಸುಮ್ನೆ ಬದಿಗಿಡುವ ಹಾಗಿಲ್ಲ.

ಒಂದು ಜೂಮ್ ಸಭೆ, ಐದು ವರ್ಷ ಜೈಲು

ಲಂಡನ್ ಸುತ್ತ ಎಂ25 ಎಂಬ ಹೆದ್ದಾರಿ ಇದೆ. ಬ್ರಿಟನ್ನಿನಲ್ಲೇ ಅತಿ ಹೆಚ್ಚು ವಾಹನ ಓಡಾಡುವ ರಸ್ತೆಗಳಲ್ಲಿ ಅದೂ ಒಂದು. 2022ರ ನವೆಂಬರ್‌ನಲ್ಲಿ 'ಜಸ್ಟ್ ಸ್ಟಾಪ್ ಆಯಿಲ್' ಎಂಬ ಗುಂಪಿನ 45 ಜನ ಆ ರಸ್ತೆಯ ಮೇಲಿನ ಕಬ್ಬಿಣದ ಕಮಾನುಗಳನ್ನು ಹತ್ತಿ ಕೂತರು. ನಾಲ್ಕು ದಿನ ಸಂಚಾರ ಅಸ್ತವ್ಯಸ್ತವಾಯಿತು. ಹೊಸ ತೈಲ ಮತ್ತು ಅನಿಲ ಯೋಜನೆಗಳಿಗೆ ಸರ್ಕಾರ ಪರವಾನಗಿ ಕೊಡಬಾರದು ಎಂಬುದು ಅವರ ಬೇಡಿಕೆಯಾಗಿತ್ತು.

ಅದಕ್ಕೂ ಮೊದಲು ನಡೆದ ಒಂದು ಜೂಮ್ ಸಭೆಯಲ್ಲಿ, ಕಮಾನು ಹತ್ತಲು ಜನರನ್ನು ಸೇರಿಸುವ ಬಗ್ಗೆ ಮಾತುಕತೆ ಆಗಿತ್ತು. ಪತ್ರಕರ್ತರೊಬ್ಬರು ಗುರುತು ಮುಚ್ಚಿಟ್ಟುಕೊಂಡು ಅದರಲ್ಲಿ ಸೇರಿ ಎಲ್ಲವನ್ನೂ ರೆಕಾರ್ಡ್ ಮಾಡಿದರು. ಅದು ಪೊಲೀಸರ ಕೈ ಸೇರಿತು. 2024ರ ಜುಲೈ 18ರಂದು ಸದರ್ಕ್ ಕ್ರೌನ್ ಕೋರ್ಟ್ ಈ ಸಭೆಯಲ್ಲಿದ್ದ ರೋಜರ್ ಹ್ಯಾಲಮ್‌ಗೆ ಐದು ವರ್ಷ, ಉಳಿದ ನಾಲ್ವರಿಗೆ ತಲಾ ನಾಲ್ಕು ವರ್ಷ ಜೈಲುಶಿಕ್ಷೆ ಕೊಟ್ಟಿತು. ಸಾರ್ವಜನಿಕರಿಗೆ ತೊಂದರೆ ಕೊಡಲು ಸಂಚು ಮಾಡಿದ್ದು ಅವರ ಮೇಲಿನ ಆರೋಪ.

ಸರ್ಕಾರಿ ವಕೀಲರ ಲೆಕ್ಕವೂ ಚಿಕ್ಕದೇನಲ್ಲ. ಏಳು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ತೊಂದರೆಯಾಯಿತು, ಕಡಿಮೆ ಅಂದರೂ 7,65,000 ಪೌಂಡ್ ಆರ್ಥಿಕ ನಷ್ಟವಾಯಿತು, ಪೊಲೀಸರಿಗೆ ಹತ್ತು ಲಕ್ಷ ಪೌಂಡಿಗೂ ಜಾಸ್ತಿ ಖರ್ಚು ಬಂತು ಎಂದು ಅವರು ಹೇಳಿದರು. ಕ್ಯಾನ್ಸರ್ ರೋಗಿಯೊಬ್ಬರಿಗೆ ವೈದ್ಯರ ಭೇಟಿ ತಪ್ಪಿಹೋಯಿತು ಎಂಬುದನ್ನು ನ್ಯಾಯಾಧೀಶರು ಶಿಕ್ಷೆ ಹೇಳುವಾಗ ಎತ್ತಿ ಹೇಳಿದರು. ಶಿಕ್ಷೆ ಜಾಸ್ತಿಯಾಯಿತು ಎನ್ನುವವರು ಈ ರೋಗಿಯನ್ನು ಮರೆತು ಮಾತಾಡಿದರೆ ಆ ಮಾತಿಗೆ ತೂಕ ಬರುವುದಿಲ್ಲ.

ಆರೇ ವರ್ಷದಲ್ಲಿ ಇಷ್ಟು ವ್ಯತ್ಯಾಸ ಹೇಗೆ?

ಇದಕ್ಕೆ ಆರು ವರ್ಷ ಹಿಂದಿನ ಇನ್ನೊಂದು ಪ್ರಕರಣ ನೋಡಬೇಕು. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ನೆಲದಾಳದ ಬಂಡೆ ಒಡೆದು ಅನಿಲ ತೆಗೆಯುವುದರ ವಿರುದ್ಧ ಹೋರಾಟ ನಡೆಯುತ್ತಿತ್ತು. ಹೋರಾಟಗಾರರು ಲಾರಿಗಳ ಮೇಲೆ ಹತ್ತಿ ದಿನಗಟ್ಟಲೆ ಕೂತಿದ್ದರು. 2018ರಲ್ಲಿ ಮೂವರಿಗೆ ಒಂದು ವರ್ಷಕ್ಕೂ ಹೆಚ್ಚು ಜೈಲಾಯಿತು. ಮೇಲಿನ ಕೋರ್ಟು ಕೆಲವೇ ವಾರಗಳಲ್ಲಿ 'ಇದು ಅತಿಯಾಯಿತು' ಎಂದು ಆ ಶಿಕ್ಷೆ ರದ್ದು ಮಾಡಿ ಅವರನ್ನು ಬಿಡಿಸಿತು.

ಆಮೇಲೆ ಬಂದದ್ದು 2022ರ ಪೊಲೀಸ್, ಅಪರಾಧ, ಶಿಕ್ಷೆ ಮತ್ತು ನ್ಯಾಯಾಲಯಗಳ ಕಾಯ್ದೆ. ಅಲ್ಲಿಯವರೆಗೆ 'ಸಾರ್ವಜನಿಕ ತೊಂದರೆ' ಎಂಬುದು ತೀರ್ಪುಗಳ ಪರಂಪರೆಯಿಂದ ಬಂದ ಹಳೆಯ ಅಪರಾಧವಾಗಿತ್ತು. ಪ್ರತಿಭಟನೆ ಮಾಡಿದವರ ಮೇಲೆ ಅದನ್ನು ಬಳಸುತ್ತಿದ್ದದ್ದು ಕಡಿಮೆ. ರಸ್ತೆ ತಡೆದರೆ ಸಾಮಾನ್ಯವಾಗಿ ದಂಡ ಹಾಕಿ ಕಳಿಸುತ್ತಿದ್ದರು. ಹೊಸ ಕಾಯ್ದೆ ಈ ಅಪರಾಧವನ್ನು ಬರಹಕ್ಕಿಳಿಸಿತು, ಗರಿಷ್ಠ 10 ವರ್ಷ ಜೈಲು ಎಂದಿತು. ರಸ್ತೆ ತಡೆಗೂ ಜೈಲುಶಿಕ್ಷೆ ಸೇರಿತು. 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಇನ್ನೂ ಮುಂದೆ ಹೋಯಿತು. ಮೈಯನ್ನು ಗೇಟಿಗೋ ರಸ್ತೆಗೋ ಬಿಗಿದುಕೊಂಡು ಕೂರುವುದನ್ನೇ ಬೇರೆ ಅಪರಾಧ ಮಾಡಿತು.

ಹೋರಾಟಗಾರರು ಹೆದ್ದಾರಿಗಳಿಗೆ ಇಳಿದರು, ಜನ ಸಿಟ್ಟಾದರು, ಸರ್ಕಾರ ಕಾನೂನು ಬಿಗಿ ಮಾಡಿತು, ಬಿಗಿಯಾದ ಕಾನೂನಿನಡಿ ನ್ಯಾಯಾಧೀಶರು ದೊಡ್ಡ ಶಿಕ್ಷೆ ಕೊಟ್ಟರು. ಇದರಲ್ಲಿ ಯಾವ ಕೊಂಡಿಯೂ ಗುಟ್ಟಾಗಿ ನಡೆದದ್ದಲ್ಲ. ಆದರೆ ಕೊನೆಗೆ ಬಂದು ನಿಂತ ಜಾಗ, ಅಂದರೆ ಹಿಂಸೆ ಇಲ್ಲದ ಕೃತ್ಯದ ಬಗ್ಗೆ ನಡೆದ ಒಂದು ಸಭೆಗೆ ಐದು ವರ್ಷ, ಅಲ್ಲಿನ ಅನೇಕ ವಕೀಲರನ್ನೂ ಬೆಚ್ಚಿಬೀಳಿಸಿತು. ಪರಿಸರ ಹೋರಾಟಗಾರರ ರಕ್ಷಣೆಗಾಗಿ ವಿಶ್ವಸಂಸ್ಥೆಯ ಒಪ್ಪಂದವೊಂದರಡಿ ನೇಮಕವಾಗಿದ್ದ ಮಿಷೆಲ್ ಫೋರ್ಸ್ಟ್ ಇದನ್ನು ಬಹಿರಂಗವಾಗಿ ಖಂಡಿಸಿದರು.

ಮೇಲ್ಮನವಿಯ ತೀರ್ಪು 2025ರ ಮಾರ್ಚ್ 7ರಂದು ಬಂತು. ಹ್ಯಾಲಮ್ ಅವರ ಐದು ವರ್ಷ ನಾಲ್ಕಾಯಿತು. 16 ಜನರಲ್ಲಿ ಆರು ಮಂದಿಗೆ ಶಿಕ್ಷೆ ಕಡಿಮೆಯಾಯಿತು. ಹತ್ತು ಮಂದಿಯ ಅರ್ಜಿ ಬಿದ್ದುಹೋಯಿತು. ಆತ್ಮಸಾಕ್ಷಿಗಾಗಿ ಮಾಡಿದ್ದು ಎಂಬುದನ್ನು ಶಿಕ್ಷೆ ಅಳೆಯುವಾಗ ಪೂರ್ತಿ ತಳ್ಳಿಹಾಕುವಂತಿಲ್ಲ ಎಂಬುದನ್ನು ಕೋರ್ಟ್ ಒಪ್ಪಿತು. ಆದರೆ ಅದೊಂದೇ ಕಾರಣಕ್ಕೆ ಜೈಲು ತಪ್ಪುವುದಿಲ್ಲ ಎಂಬುದನ್ನೂ ಸ್ಪಷ್ಟ ಮಾಡಿತು.

ಬೋರ್ಡ್ ಹಿಡಿದು ನಿಂತ ಮಹಿಳೆ

ಬೆಂಬಲದ ಪ್ರತಿಭಟನೆ ಎಲ್ಲಿಂದ ಶುರುವಾಯಿತು ಎಂದು ತಿಳಿಯಲು 2023ರ ಮಾರ್ಚ್‌ಗೆ ಹೋಗಬೇಕು. ಲಂಡನ್ನಿನ ಒಂದು ಕ್ರೌನ್ ಕೋರ್ಟಿನಲ್ಲಿ ರಸ್ತೆ ತಡೆದವರ ವಿಚಾರಣೆ ನಡೆಯುತ್ತಿತ್ತು. ಯಾಕೆ ರಸ್ತೆಗಿಳಿದೆವು ಎಂದು ಜ್ಯೂರಿ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡ) ಮುಂದೆ ಹೇಳಬೇಡಿ ಎಂದು ನ್ಯಾಯಾಧೀಶರು ಆರೋಪಿಗಳಿಗೆ ತಾಕೀತು ಮಾಡಿದ್ದರು. ಅದನ್ನು ಮೀರಿ ಹವಾಮಾನದ ಬಗ್ಗೆ ಮಾತಾಡಿದ ಕೆಲವರು ನ್ಯಾಯಾಂಗ ನಿಂದನೆಗಾಗಿ ಜೈಲಿಗೆ ಹೋದರು. ಮಾಡಿದ ಕೆಲಸಕ್ಕಲ್ಲ, ಕಾರಣ ಹೇಳಿದ್ದಕ್ಕೆ.

ಆಗ ಟ್ರೂಡಿ ವಾರ್ನರ್ ಎಂಬ ನಿವೃತ್ತ ಸಮಾಜ ಕಾರ್ಯಕರ್ತೆ ಕೋರ್ಟಿನ ಹೊರಗೆ ಒಂದು ಬೋರ್ಡ್ ಹಿಡಿದು ನಿಂತರು. ಜ್ಯೂರಿ ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ಆರೋಪಿಯನ್ನು ಬಿಡುಗಡೆ ಮಾಡಬಹುದು ಎಂಬ ಅರ್ಥದ ಸಾಲು ಅದರಲ್ಲಿತ್ತು. ಅವರು ಯಾರನ್ನೂ ಮಾತಾಡಿಸಲಿಲ್ಲ, ತಡೆಯಲೂ ಇಲ್ಲ. ಅವರ ಮೇಲೆ ನ್ಯಾಯಾಂಗ ನಿಂದನೆ ಪ್ರಕರಣ ಹೂಡಲು ಸರ್ಕಾರದ ಕಡೆಯವರು ಹೈಕೋರ್ಟಿಗೆ ಹೋದರು.

ಆ ಸಾಲು ಅವರ ಸ್ವಂತದ್ದಲ್ಲ. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮಬೋಧನೆ ಮಾಡಿದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನು ತಪ್ಪಿತಸ್ಥರೆನ್ನಲು ಜ್ಯೂರಿ ಒಪ್ಪಲಿಲ್ಲ. ನ್ಯಾಯಾಧೀಶರು ಜ್ಯೂರಿಯನ್ನೇ ಅನ್ನ ನೀರಿಲ್ಲದೆ ಕೂಡಿಹಾಕಿದರು, ದಂಡ ಹಾಕಿದರು. ಬುಷೆಲ್ ಎಂಬ ಜ್ಯೂರಿ ಸದಸ್ಯ ಅದನ್ನು ಪ್ರಶ್ನಿಸಿ ಗೆದ್ದ. ಅದರ ನೆನಪಿಗೆ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಇವತ್ತಿಗೂ ಫಲಕವಿದೆ. ಕೋರ್ಟಿನ ಗೋಡೆಯ ಮೇಲಿರುವ ವಿಷಯವನ್ನು ಬೋರ್ಡಿನಲ್ಲಿ ಬರೆದರೆ ಅಪರಾಧ ಹೇಗಾಗುತ್ತದೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಗಟ್ಟಿ ಉತ್ತರ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಪ್ರಕರಣ ಹೂಡಲು ಅನುಮತಿ ನಿರಾಕರಿಸಿತು.

ಈ ನಡುವೆ ವಾರ್ನರ್ ಅವರಂತೆಯೇ ನೂರಾರು ಜನ ಬೇರೆ ಬೇರೆ ಊರುಗಳ ಕೋರ್ಟ್‌ಗಳ ಮುಂದೆ ಅದೇ ಬೋರ್ಡ್ ಹಿಡಿದು ಕೂತಿದ್ದರು. 2025ರ ಜನವರಿಯ ಧರಣಿ ಇದೇ ಸಾಲಿಗೆ ಸೇರಿದ್ದು.

ನಮ್ಮಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲ. ಹಾಗಾಗಿ ಬೋರ್ಡಿನ ಆ ಸಾಲು ಸಾಗರದ ಕೋರ್ಟಿನ ಮುಂದೆ ಅರ್ಥ ಕಳೆದುಕೊಳ್ಳುತ್ತದೆ. ಅದರ ಹಿಂದಿನ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ: ಒಬ್ಬ ಮನುಷ್ಯ ಯಾಕೆ ಕಾನೂನು ಮುರಿದ ಎಂಬುದು ತೀರ್ಪಿಗೆ ಬೇಕಾ, ಬೇಡವಾ?

ವಿರೋಧಿಸುವವರ ವಾದ

ಇಂಥ ಬೆಂಬಲವನ್ನು ಒಪ್ಪದವರಲ್ಲಿ ಮೂರು ವಾದ ಗಟ್ಟಿಯಾಗಿವೆ.

ಮೊದಲನೆಯದು ಸಮಾನತೆ. ಇವತ್ತು ಪರಿಸರಕ್ಕಾಗಿ ರಸ್ತೆ ತಡೆದವರಿಗೆ ರಿಯಾಯಿತಿ ಕೊಟ್ಟರೆ, ನಾಳೆ ಜಾತಿಗಾಗಿ ಧರ್ಮಕ್ಕಾಗಿ ತಡೆಯುವವರೂ ಅದನ್ನೇ ಕೇಳುತ್ತಾರೆ. ಕೋರ್ಟು ಉದ್ದೇಶ ನೋಡಿ ಒಳ್ಳೆಯವರು ಕೆಟ್ಟವರು ಎಂದು ಆರಿಸುತ್ತಾ ಕೂರಲು ಆಗುವುದಿಲ್ಲ. ಶಿವಮೊಗ್ಗದಲ್ಲಿ ಇದು ಬರೀ ಪುಸ್ತಕದ ವಾದವಲ್ಲ. ನಿಷೇಧಾಜ್ಞೆ ಹಾಕಿದ ದಿನಗಳು ನಗರಕ್ಕೆ ಚೆನ್ನಾಗಿ ನೆನಪಿವೆ, 2022ರಲ್ಲೇ ಎರಡೆರಡು ಸಲ. ಯಾವ ಗುಂಪಿನ ಸಿಟ್ಟು ಶಾಂತ, ಯಾವುದು ಅಲ್ಲ ಎಂದು ಮೊದಲೇ ಹೇಳುವುದು ಎಷ್ಟು ಕಷ್ಟ ಎಂಬುದು ಇಲ್ಲಿನ ಜನರಿಗೆ ಗೊತ್ತು.

ಎರಡನೆಯದು, ದಾರಿ ಮುಚ್ಚಿಲ್ಲವಲ್ಲ ಎಂಬುದು. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ ನಿಂತದ್ದು ಸುಪ್ರೀಂ ಕೋರ್ಟಿನ 2002ರ ಆದೇಶದಿಂದ. 2005ರ ಕೊನೆಗೆ ಗಣಿ ಮುಚ್ಚಿತು. ಕೋರ್ಟು ಕೆಲಸ ಮಾಡುವಾಗ ಕಾನೂನು ಯಾಕೆ ಮುರಿಯಬೇಕು?

ಮೂರನೆಯದು ಗಾಂಧಿ. ಗಾಂಧಿ ಶಿಕ್ಷೆ ಕಡಿಮೆ ಮಾಡಿ ಎಂದು ಕೇಳಲಿಲ್ಲ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ, ಅತಿ ದೊಡ್ಡ ಶಿಕ್ಷೆಯನ್ನೇ ಕೊಡಿ ಎಂದರು. ಕಾನೂನು ಮುರಿದೂ ಶಿಕ್ಷೆಗೆ ಗೋಳಾಡುವವರು ಸತ್ಯಾಗ್ರಹಿಗಳೇ ಅಲ್ಲ ಎಂದು ಈ ವಾದ ಹೇಳುತ್ತದೆ.

ಮೂರು ವಿಷಯ ಬೇರೆ ಬೇರೆ ಇಟ್ಟು ನೋಡಿದರೆ

ಮೂರನೆಯ ವಾದದಿಂದಲೇ ಶುರು ಮಾಡೋಣ. ಅಹಮದಾಬಾದಿನ ಆ ವಿಚಾರಣೆಯಲ್ಲಿ ಇನ್ನೊಬ್ಬರೂ ಇದ್ದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್. ಆರು ವರ್ಷ ಶಿಕ್ಷೆ ಕೊಟ್ಟ ಅವರೇ, ಮುಂದೆ ಸರ್ಕಾರ ಇದನ್ನು ಕಡಿಮೆ ಮಾಡಿದರೆ ತನ್ನಷ್ಟು ಸಂತೋಷ ಪಡುವವರು ಬೇರೆ ಯಾರೂ ಇರಲಾರರು ಎಂಬ ಅರ್ಥದ ಮಾತನ್ನೂ ಆಡಿದರು. ಎದುರಿಗೆ ನಿಂತವನು ಸಾಮಾನ್ಯ ಅಪರಾಧಿಯಲ್ಲ ಎಂದು ತೆರೆದ ಕೋರ್ಟಿನಲ್ಲಿ ಒಪ್ಪಿಕೊಂಡರು.

ಸತ್ಯಾಗ್ರಹ ಇಬ್ಬರೂ ಪಾಲಿಸುವ ಒಂದು ಕರಾರಿನ ಮೇಲೆ ನಿಂತಿದೆ. ಹೋರಾಟಗಾರ ಬಹಿರಂಗವಾಗಿ ಮಾಡುತ್ತಾನೆ, ಹಿಂಸೆ ಮಾಡುವುದಿಲ್ಲ, ಓಡಿಹೋಗುವುದಿಲ್ಲ, ಶಿಕ್ಷೆ ಅನುಭವಿಸುತ್ತಾನೆ. ಪ್ರಭುತ್ವ ತನ್ನ ಕಡೆಯಿಂದ ಕೈ ಬಿಗಿಹಿಡಿಯುತ್ತದೆ. ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೇ 2006ರಲ್ಲಿ ಇದನ್ನು ಹೇಳಿತ್ತು. ಇರಾಕ್ ಯುದ್ಧ ತಡೆಯಲು ವಾಯುನೆಲೆಗೆ ನುಗ್ಗಿದವರ ಪ್ರಕರಣದಲ್ಲಿ ಲಾರ್ಡ್ ಹಾಫ್‌ಮನ್, ಆತ್ಮಸಾಕ್ಷಿಗಾಗಿ ಕಾನೂನು ಮೀರುವುದಕ್ಕೆ ಆ ದೇಶದಲ್ಲಿ ಉದ್ದನೆಯ, ಗೌರವದ ಇತಿಹಾಸ ಇದೆ ಎಂದಿದ್ದರು. ಹೋರಾಟಗಾರರು ಮಿತಿ ಮೀರಬಾರದು, ಪೊಲೀಸರು ಮತ್ತು ನ್ಯಾಯಾಧೀಶರು ಸಂಯಮ ತೋರಬೇಕು ಎಂಬುದು ಅವರ ಮಾತಿನ ತಿರುಳು.

ಹಾಗಾಗಿ ಲಂಡನ್ನಿನಲ್ಲಿ ಕೂತವರು ಕೇಳುತ್ತಿದ್ದದ್ದನ್ನು ಬಿಡಿಸಿ ನೋಡಬೇಕು. ಹೆದ್ದಾರಿ ತಡೆದದ್ದು ಸರಿ ಎನ್ನುವುದು ಒಂದು ಮಾತು. ಅದು ತಪ್ಪು, ಆದರೆ ಐದು ವರ್ಷ ಹೆಚ್ಚಾಯಿತು ಎನ್ನುವುದು ಇನ್ನೊಂದು. ತೀರ್ಪು ಏನೇ ಇರಲಿ, ಆರೋಪಿಗೆ ತನ್ನ ಕಾರಣ ಹೇಳಲು ಬಿಡಬೇಕಿತ್ತು ಎನ್ನುವುದು ಮತ್ತೊಂದು. ಮೊದಲನೆಯದನ್ನು ಒಪ್ಪದವರೂ ಉಳಿದ ಎರಡನ್ನು ಒಪ್ಪಬಹುದು. ಆ ರೋಗಿಗೆ ಆದ ತೊಂದರೆಯನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡೇ ಹಾಗೆ ಒಪ್ಪಬಹುದು. ಶಿಕ್ಷೆಯಾದವರ ಪರ ನಿಂತವರೆಲ್ಲ ಅಪರಾಧದ ಪರ ನಿಂತವರು ಎಂದುಕೊಂಡಾಗಲೇ ಗೊಂದಲ ಹುಟ್ಟುತ್ತದೆ.

ಸಮಾನತೆಯ ವಾದಕ್ಕೂ ಇಲ್ಲೇ ಉತ್ತರವಿದೆ. ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಎಂದು ಕೋರ್ಟು ತೀರ್ಮಾನಿಸಬೇಕಿಲ್ಲ. ನಡೆದುಕೊಂಡ ರೀತಿಯನ್ನು ನೋಡಿದರೆ ಸಾಕು. ಮುಖ ತೋರಿಸಿದ್ದಾರಾ, ಕೈ ಎತ್ತಿದ್ದಾರಾ, ಆಂಬುಲೆನ್ಸಿಗೆ ದಾರಿ ಬಿಟ್ಟಿದ್ದಾರಾ? ಈ ಅಳತೆ ಎಲ್ಲ ಗುಂಪಿಗೂ ಒಂದೇ. ಎರಡನೆಯ ವಾದಕ್ಕೆ ಉತ್ತರ ಅಷ್ಟು ಸಲೀಸಲ್ಲ. ಕುದುರೆಮುಖದಲ್ಲಿ ಕೋರ್ಟು ನಿಜಕ್ಕೂ ಕೆಲಸ ಮಾಡಿತು. ಆದರೆ ಆದೇಶ ಬರುವಷ್ಟರಲ್ಲಿ ಗಣಿ ಶುರುವಾಗಿ ಎರಡು ದಶಕ ದಾಟಿತ್ತು.

ಕಾಗೋಡಿನಲ್ಲಿ ನಡೆದದ್ದೂ ಇದೇ

ಸಾಗರ ತಾಲ್ಲೂಕಿನ ಕಾಗೋಡು 1951ರಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಹೊತ್ತಿಕೊಂಡದ್ದು, ಉಳುವವನಿಗೆ ನೆಲ ಎಂಬ ಹೋರಾಟವಾಯಿತು. ಒಡೆಯರು ಗೇಣಿದಾರರನ್ನು ಗದ್ದೆಗೆ ಇಳಿಯದಂತೆ ತಡೆದರು. ಗೇಣಿದಾರರು ತಂಡ ತಂಡವಾಗಿ ಗದ್ದೆಗಿಳಿದರು, ತಂಡ ತಂಡವಾಗಿ ಬಂಧನಕ್ಕೊಳಗಾದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತಿದ್ದರು. ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು.

ಅಂದಿನ ಕಾಗದದ ಪ್ರಕಾರ ಗದ್ದೆ ಒಡೆಯರದ್ದು. ಅಂದರೆ ಇಳಿದವರು ಕಾನೂನು ಮುರಿದವರೇ. ಜೈಲಿಗೆ ಹೋದವರ ಪರ ಹೊರಗಿನವರು ನಿಂತಾಗ, ಆ ಜಗಳ ಒಂದು ಊರಿನದಾಗಿ ಉಳಿಯಲಿಲ್ಲ. ಮರುವರ್ಷವೇ ಗೋಪಾಲಗೌಡರು ಶಾಸಕರಾದರು. 1974ರ ಭೂಸುಧಾರಣೆಗೆ ಬರಲು ಇನ್ನೂ ಎರಡು ದಶಕ ಹಿಡಿಯಿತು. ಆದರೂ ಇವತ್ತು ಕಾಗೋಡಿನ ಸತ್ಯಾಗ್ರಹಿಗಳನ್ನು ಅಪರಾಧಿಗಳು ಎನ್ನುವವರು ಮಲೆನಾಡಿನಲ್ಲಿ ಸಿಗುವುದಿಲ್ಲ.

ಘಟ್ಟದ ಕಾಡಿನ ಹೋರಾಟಗಳೂ ಹೀಗೇ ನಡೆದವು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಲ್ಕಣಿಯ ಜನ ಮರ ಅಪ್ಪಿಕೊಂಡಾಗ, ಮರ ಕಡಿಯಲು ಬಂದವರ ಕೈಯಲ್ಲಿ ಅರಣ್ಯ ಇಲಾಖೆಯ ಅನುಮತಿಯೇ ಇತ್ತು. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟರು. ಸಸಿ ಕಿತ್ತದ್ದು ಆಸ್ತಿಗೆ ಮಾಡಿದ ಹಾನಿ ಎಂದೇ ಕಾನೂನು ನೋಡಬಹುದಿತ್ತು. ಇವರನ್ನು ಐದೈದು ವರ್ಷ ಜೈಲಿಗೆ ಹಾಕಿದ್ದರೆ ಮುಂದೆ 'ನಮ್ಮೂರಿಗೆ ಅಕೇಶಿಯಾ ಬೇಡ' ಎನ್ನುವಷ್ಟು ಧೈರ್ಯ ಶಿವಮೊಗ್ಗದ ಹಳ್ಳಿಗಳಲ್ಲಿ ಉಳಿದಿರುತ್ತಿತ್ತು ಎಂದು ನಂಬುವುದು ಕಷ್ಟ.

ನಮ್ಮ ಕಾನೂನು: ಶಿಕ್ಷೆ ಸಣ್ಣದು, ಅಲೆದಾಟ ದೊಡ್ಡದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾರ್ವಜನಿಕ ತೊಂದರೆಗೆ ಸೆಕ್ಷನ್ 292 ಇದೆ. ಗರಿಷ್ಠ ಶಿಕ್ಷೆ 1,000 ರೂಪಾಯಿ ದಂಡ. ರಸ್ತೆಗೆ ಅಡ್ಡಿ ಮಾಡಿದರೆ ಸೆಕ್ಷನ್ 285, ಗರಿಷ್ಠ 5,000 ರೂಪಾಯಿ ದಂಡ. ಬ್ರಿಟನ್ನಿನ 10 ವರ್ಷದ ಮುಂದೆ ಇದು ಏನೇನೂ ಅಲ್ಲ.

ಆದರೆ ಎಫ್‌ಐಆರ್ ಅಷ್ಟಕ್ಕೇ ನಿಲ್ಲುವುದು ಅಪರೂಪ. ಅಕ್ರಮ ಕೂಟಕ್ಕೆ 189 ಸೇರುತ್ತದೆ, ಆರು ತಿಂಗಳವರೆಗೆ ಜೈಲು. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಎಂದು 221. ತಳ್ಳಾಟ ನಡೆಯಿತು ಎಂದರೆ 132. ಹಳಬರು ಇದನ್ನು ಇನ್ನೂ ಹಳೆಯ ಐಪಿಸಿಯ ಸೆಕ್ಷನ್ ಸಂಖ್ಯೆಯಿಂದ 'ತ್ರೀ ಫಿಫ್ಟಿ ತ್ರೀ' ಎಂದೇ ಕರೆಯುತ್ತಾರೆ. ಎರಡು ವರ್ಷದವರೆಗೆ ಶಿಕ್ಷೆ, ಸುಲಭದಲ್ಲಿ ಜಾಮೀನಿಲ್ಲ. ಆಮರಣಾಂತ ಉಪವಾಸ ಕೂರುವವರಿಗೂ ಒಂದು ಹೊಸ ಸೆಕ್ಷನ್ ಬಂದಿದೆ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರೆ ಸೆಕ್ಷನ್ 226ರಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಸಮುದಾಯ ಸೇವೆ. ಉಪವಾಸ ಸತ್ಯಾಗ್ರಹದ ಮೇಲೆ ಇದನ್ನು ಹೇಗೆ ಬಳಸುತ್ತಾರೆ ಎಂಬುದರ ಮೇಲೆ ಕಣ್ಣಿಡಬೇಕು.

ನಮ್ಮಲ್ಲಿ ಹೋರಾಟಗಾರರಿಗೆ ಕೊನೆಯಲ್ಲಿ ಶಿಕ್ಷೆಯಾಗುವುದು ಕಡಿಮೆ. ಆದರೆ ಅಲ್ಲಿಯವರೆಗಿನ ವಾಯಿದೆಗಳೇ ಶಿಕ್ಷೆ. ಕೂಲಿ ಬಿಟ್ಟು, ಅಡಿಕೆ ಕೊಯ್ಲು ಬಿಟ್ಟು ತಾಲ್ಲೂಕು ಕೋರ್ಟಿಗೆ ಅಲೆಯಬೇಕು. ಪಾಸ್‌ಪೋರ್ಟಿಗೆ, ಮಕ್ಕಳ ಕೆಲಸದ ಪೊಲೀಸ್ ಪರಿಶೀಲನೆಗೆ ಆ ಕೇಸು ಅಡ್ಡ ಬರುತ್ತದೇನೋ ಎಂಬ ಭಯ ಬೇರೆ. ಚುನಾವಣೆ ಹತ್ತಿರ ಬಂದಾಗ ಸರ್ಕಾರ ಹೋರಾಟದ ಕೇಸುಗಳನ್ನು ವಾಪಸ್ ತೆಗೆಯುತ್ತದೆ ಎಂಬುದೇ ಅನೇಕರ ಭರವಸೆ. ಆ ಭರವಸೆಯೂ ಈಗ ಗಟ್ಟಿಯಾಗಿಲ್ಲ. 43 ಪ್ರಕರಣ ವಾಪಸ್ ಪಡೆಯುವ ಸರ್ಕಾರದ ಆದೇಶವನ್ನು ಕರ್ನಾಟಕ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿತು. ಕೇಸು ಕೈಬಿಡುವುದು ಸರ್ಕಾರಿ ವಕೀಲರು ಸ್ವತಂತ್ರವಾಗಿ ಯೋಚಿಸಿ, ಕೋರ್ಟಿನ ಒಪ್ಪಿಗೆ ಪಡೆದು ಮಾಡುವ ಕೆಲಸ. ಸಚಿವ ಸಂಪುಟ ಹೇಳಿದ ತಕ್ಷಣ ಮುಗಿಯುವುದಿಲ್ಲ.

ಕೋರ್ಟಿನ ಮುಂದೆ ಬೋರ್ಡ್ ಹಿಡಿದರೆ?

ಶಿಕ್ಷೆಯಾದ ಹೋರಾಟಗಾರರ ಪರ ಶಿವಮೊಗ್ಗದಲ್ಲಿ ಯಾರಾದರೂ ಶಾಂತವಾಗಿ ನಿಲ್ಲಬಹುದಾ? ನಿಲ್ಲಬಹುದು. ಆದರೆ ಎಲ್ಲಿ, ಯಾವಾಗ, ಏನು ಬರೆದುಕೊಂಡು ಎಂಬುದರ ಮೇಲೆ ತುಂಬಾ ಅವಲಂಬಿಸಿದೆ.

1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 5, ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಬಗ್ಗೆ ನ್ಯಾಯವಾದ ಟೀಕೆ ನಿಂದನೆಯಲ್ಲ ಎನ್ನುತ್ತದೆ. 'ಅಂತಿಮವಾಗಿ' ಎಂಬುದನ್ನು ಗಮನಿಸಬೇಕು. ಮೇಲ್ಮನವಿ ಬಾಕಿ ಇದ್ದರೆ ಪ್ರಕರಣ ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ. ಆಗ ಮಾತು ಇನ್ನಷ್ಟು ಎಚ್ಚರದಿಂದಿರಬೇಕು.

ನರ್ಮದಾ ಹೋರಾಟ ಇದಕ್ಕೆ ಒಳ್ಳೆಯ ಉದಾಹರಣೆ. ಸರ್ದಾರ್ ಸರೋವರ ಅಣೆಕಟ್ಟಿನ ಪರವಾಗಿ ಸುಪ್ರೀಂ ಕೋರ್ಟ್ 2000ದ ಅಕ್ಟೋಬರ್ 18ರಂದು ತೀರ್ಪು ಕೊಟ್ಟಿತು. ಡಿಸೆಂಬರ್ 13ರಂದು ನರ್ಮದಾ ಬಚಾವೋ ಆಂದೋಲನದವರು ಕೋರ್ಟಿನ ಎದುರೇ ಧರಣಿ ಕೂತರು. ಮೇಧಾ ಪಾಟ್ಕರ್, ಪ್ರಶಾಂತ್ ಭೂಷಣ್, ಅರುಂಧತಿ ರಾಯ್ ಅವರ ಮೇಲೆ ನಿಂದನೆ ಅರ್ಜಿ ಬಂತು. ಧರಣಿಯ ಆ ಅರ್ಜಿ ವಜಾ ಆಯಿತು. ಆದರೆ ಅರ್ಜಿಗೆ ಉತ್ತರವಾಗಿ ರಾಯ್ ಸಲ್ಲಿಸಿದ ಅಫಿಡವಿಟ್‌ನಲ್ಲಿ ಕೋರ್ಟಿಗೆ ಕೆಟ್ಟ ಉದ್ದೇಶ ಕಟ್ಟಲಾಗಿದೆ ಎಂದು ಹೊಸ ಪ್ರಕರಣ ನಡೆದು, 2002ರ ಮಾರ್ಚ್ 6ರಂದು ಅವರಿಗೆ ಒಂದು ದಿನ ಜೈಲು, 2,000 ರೂಪಾಯಿ ದಂಡ ಆಯಿತು. ತೀರ್ಪು ತಪ್ಪು ಎನ್ನುವುದಕ್ಕೂ ತೀರ್ಪು ಕೊಟ್ಟವರ ಉದ್ದೇಶ ಕೆಟ್ಟದ್ದು ಎನ್ನುವುದಕ್ಕೂ ನಡುವಿನ ಗೆರೆ ಇದು.

ಜಾಗದ ವಿಷಯದಲ್ಲಿ ದೆಹಲಿಯ ಶಾಹೀನ್ ಬಾಗ್ ಧರಣಿ ಕುರಿತ 2020ರ ಅಕ್ಟೋಬರ್‌ನ ತೀರ್ಪು ಈಗ ಎಲ್ಲ ಪೊಲೀಸರ ಬಾಯಲ್ಲೂ ಇದೆ. ಪ್ರತಿಭಟನೆ ಹಕ್ಕು, ಆದರೆ ರಸ್ತೆಯನ್ನು ದಿನಗಟ್ಟಲೆ ಹಿಡಿದಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144ರ ನಿಷೇಧಾಜ್ಞೆ ಕಾನೂನುಬಾಹಿರ ಎಂದಿತ್ತು ಎಂಬುದನ್ನು ನೆನಪಿಸುವವರು ಕಡಿಮೆ. ಸರಿಯಾದ ಕಾರಣ ಬರೆಯದೆ ನಿಷೇಧಾಜ್ಞೆ ಹಾಕುವಂತಿಲ್ಲ. 144 ಈಗ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದ್ದರೂ ಈ ಮಾತು ಬದಲಾಗಿಲ್ಲ.

ಒಟ್ಟಿನಲ್ಲಿ ಡಿಸಿ ಕಚೇರಿ ಮುಂದೆ ಮೊದಲೇ ತಿಳಿಸಿ, ದಾರಿ ಬಿಟ್ಟು, ಶಿಕ್ಷೆಯ ಪ್ರಮಾಣವನ್ನು ಟೀಕಿಸುವ ಬೋರ್ಡ್ ಹಿಡಿದರೆ ಕಾನೂನಿನ ರಕ್ಷಣೆ ಗಟ್ಟಿ. ವಿಚಾರಣೆ ನಡೆಯುತ್ತಿರುವ ಕೋರ್ಟಿನ ಗೇಟಿನಲ್ಲಿ ಸಾಕ್ಷಿಗಳು ಓಡಾಡುವಾಗ ಘೋಷಣೆ ಕೂಗಿದರೆ ಆ ರಕ್ಷಣೆ ಇಲ್ಲ.

ಮಲೆನಾಡಿನ ಒಳಗಿನ ಒಡಕು

ಒಂದು ಮಾತನ್ನು ಮುಚ್ಚಿಡಬಾರದು. ಮಲೆನಾಡಿನ ಬಹಳಷ್ಟು ರೈತರಿಗೆ 'ಪರಿಸರವಾದಿ' ಎಂದರೆ ಸಿಟ್ಟು. ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ವಿರೋಧಿಸಿ ಬೀದಿಗಿಳಿದವರು ಇದೇ ರೈತರು. ಬಗರ್ ಹುಕುಂ ಅರ್ಜಿ ಕೊಳೆಯುತ್ತಿರುವವರು, ಲಿಂಗನಮಕ್ಕಿಯಲ್ಲಿ ಊರು ಮುಳುಗಿ ದಶಕಗಳಾದರೂ ಹಕ್ಕುಪತ್ರ ಕಾಣದವರು, ಭೂಕಬಳಿಕೆ ಕಾಯ್ದೆಯಡಿ ಬೆಂಗಳೂರಿನ ವಿಶೇಷ ಕೋರ್ಟಿಗೆ ಅಲೆದ ಸಣ್ಣ ಹಿಡುವಳಿದಾರರು. ಅವರ ಕೇಳ್ವಿ ನೇರವಾಗಿದೆ: ಅರಣ್ಯ ಕಾಯ್ದೆಯಡಿ ನಮ್ಮ ಮೇಲೆ ಕೇಸಾದಾಗ ಯಾರೂ ಬೋರ್ಡ್ ಹಿಡಿದು ಬರಲಿಲ್ಲ, ಲಂಡನ್ನಿನವರಿಗಾಗಿ ನಾವ್ಯಾಕೆ ಮರುಗಬೇಕು?

ಆ ದೂರು ನಿಜ. ಆದರೆ ಪ್ರತಿಭಟನೆಯ ಕಾನೂನು ಬೇಡಿಕೆ ಯಾವುದು ಎಂದು ನೋಡುವುದಿಲ್ಲ. ಕಾಡು ಉಳಿಸಿ ಎಂದು ರಸ್ತೆಯಲ್ಲಿ ಕೂತವರಿಗೂ ಒಕ್ಕಲೆಬ್ಬಿಸಬೇಡಿ ಎಂದು ಕೂತವರಿಗೂ ಅದೇ 285, ಅದೇ 189, ಅದೇ 132. ಬ್ರಿಟನ್ನಿನಲ್ಲೂ 2022ರ ಕಾಯ್ದೆ ಬಂದದ್ದು ಪರಿಸರ ಹೋರಾಟಗಾರರ ಮೇಲಿನ ಸಿಟ್ಟಿನಿಂದ. ಆದರೆ ಕಾಯ್ದೆಯ ಪುಟದಲ್ಲಿ ಪರಿಸರದ ಹೆಸರಿಲ್ಲ. ಅದು ಯಾರಿಗೆ ಬೇಕಾದರೂ ಅನ್ವಯಿಸುತ್ತದೆ.

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಈ ಎರಡು ಗುಂಪು ಒಂದಾಗಿದ್ದವು. ಜುಲೈ 10ರ ಶಿವಮೊಗ್ಗ ಬಂದ್‌ನಲ್ಲಿ ರೈತರೂ ಇದ್ದರು, ಪರಿಸರದವರೂ ಇದ್ದರು. ಬಂದ್ ಎಂದರೆ ಕಟ್ಟುನಿಟ್ಟಾಗಿ ನೋಡಿದರೆ ಸಾರ್ವಜನಿಕ ತೊಂದರೆಯೇ.

ಶಿಕ್ಷೆ ದೊಡ್ಡದಾದರೆ ಮುಂದೇನು?

ಬ್ರಿಟನ್ನಿನಲ್ಲಿ ಫಲ ಕಾಣಿಸಿಕೊಂಡಿದೆ. 2025ರ ಮಾರ್ಚ್‌ನಲ್ಲಿ ಜಸ್ಟ್ ಸ್ಟಾಪ್ ಆಯಿಲ್ ತನ್ನ ಬೀದಿ ಹೋರಾಟ ನಿಲ್ಲಿಸುವುದಾಗಿ ಹೇಳಿತು. ಹೊಸ ತೈಲ ಪರವಾನಗಿ ನಿಲ್ಲಿಸುವ ಬೇಡಿಕೆ ಸರ್ಕಾರದ ನೀತಿಯೇ ಆಗಿದೆ ಎಂಬುದು ಅವರು ಕೊಟ್ಟ ಕಾರಣ. ದೊಡ್ಡ ಶಿಕ್ಷೆಗಳ ಭಾರವೂ ಆ ಹೊತ್ತಿಗೆ ಅವರ ಮೇಲಿತ್ತು. ಕಾನೂನು ಗೆದ್ದಿತು ಎಂದು ಸರ್ಕಾರದ ಪರ ಇರುವವರು ಹೇಳಬಹುದು.

ಅದೇ ವರ್ಷದ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು. 'ಶಟ್ ದ ಸಿಸ್ಟಮ್' ಎಂಬ ಗುಂಪು ವಿಮಾ ಕಂಪನಿಗಳ ಇಂಟರ್‌ನೆಟ್ ಕೇಬಲ್ ಕತ್ತರಿಸಿತು. ಇವರು ಮುಖ ತೋರಿಸಲಿಲ್ಲ, ಪೊಲೀಸರಿಗಾಗಿ ಕಾದು ಕೂರಲಿಲ್ಲ. ಬಹಿರಂಗವಾಗಿ ಕೂತು ಬಂಧನಕ್ಕೊಳಗಾದರೂ ಐದು ವರ್ಷ ಜೈಲು ಎಂದಾದರೆ, ಮುಖ ಮುಚ್ಚಿಕೊಳ್ಳುವವರು ಹೆಚ್ಚುತ್ತಾರೆ. ಹೀಗಾದಾಗ ಹೆಚ್ಚು ನಷ್ಟ ಸಾಮಾನ್ಯ ಜನರಿಗೇ. ಮುಖ ತೋರಿಸುವವರ ಜೊತೆ ಮಾತುಕತೆ ಸಾಧ್ಯ, ರಾತ್ರಿ ಕೇಬಲ್ ಕತ್ತರಿಸುವವರ ಜೊತೆ ಯಾರು ಮಾತಾಡುವುದು?

ನಮ್ಮ ಕಡೆ ಈ ಪರೀಕ್ಷೆ ಬರುವುದಾದರೆ ಶರಾವತಿ ಕಣಿವೆಯಲ್ಲೇ ಬರುವ ಸಾಧ್ಯತೆ ಹೆಚ್ಚು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಹರಿಸಿ ವಿದ್ಯುತ್ ಪಡೆಯುವುದು) ಸಿಂಗಳೀಕಗಳ ಅಭಯಾರಣ್ಯದೊಳಗೇ ತರುವ ಪ್ರಸ್ತಾವವಿದೆ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಬಲವಾದ ವಿರೋಧ ವ್ಯಕ್ತವಾಯಿತು. ಅಲ್ಲಿಯವರೆಗೆ ನಡೆದದ್ದೆಲ್ಲ ಮನವಿ, ಸಭೆ, ಪಾದಯಾತ್ರೆಯ ಹಂತ. ಎಲ್ಲ ಅನುಮತಿ ಸಿಕ್ಕಿ ಯಂತ್ರಗಳು ಬಂದು ನಿಂತರೆ ಕೆಲವರಾದರೂ ಅವುಗಳ ಮುಂದೆ ಕೂರುತ್ತಾರೆ. ಆ ದಿನದ ಎಫ್‌ಐಆರ್‌ನಲ್ಲಿ 285 ಮಾತ್ರ ಇದ್ದರೆ ದಂಡ ಕಟ್ಟಿ ಮತ್ತೆ ಅಹವಾಲು ಹೇಳಲು ಬರುತ್ತಾರೆ. ಯಾರೂ ಕೈ ಎತ್ತದಿದ್ದರೂ 132 ಸೇರಿಸಿದರೆ, ಜಾಮೀನಿಗೆ ಶುರುವಾದ ಓಡಾಟ ವರ್ಷಗಟ್ಟಲೆ ನಡೆಯುತ್ತದೆ. ಮುಂದಿನ ಅಹವಾಲು ಸಭೆಗೆ ಎಷ್ಟು ಜನ ಬರುತ್ತಾರೆ ಎಂಬುದು ಆ ಒಂದು ಸೆಕ್ಷನ್ನಿನ ಮೇಲೆ ನಿಂತಿರುತ್ತದೆ.